ಹೇಟ್ ಬೀದಿಯ ನಾಲ್ಕು ಗಂಟೆಯ ಊಟ

ಹೆದ್ದಾರಿ ಬರುತ್ತದೆಂಬ ಸುದ್ದಿ ಹಬ್ಬಿದರೆ ಸಾಕು, ಆ ಕೇರಿಯ ಮನೆಗಳ ಬಾಡಿಗೆ ಇಳಿಯುತ್ತದೆ. ಇವತ್ತೋ ನಾಳೆಯೋ ಕೆಡವಲಿರುವ ಮನೆಗೆ ಸುಣ್ಣ ಬಳಿಸುವವರು ಯಾರು? ಅಮೆರಿಕದ ಪಶ್ಚಿಮ ಕರಾವಳಿಯ ಸ್ಯಾನ್ ಫ್ರಾನ್ಸಿಸ್ಕೊ ನಗರದಲ್ಲಿ ಹೀಗೇ ಆಯಿತು. ಅಲ್ಲಿ ಗೋಲ್ಡನ್ ಗೇಟ್ ಎಂಬ ದೊಡ್ಡ ಉದ್ಯಾನವಿದೆ. ಅದರ ಮಗ್ಗುಲಿಗೆ ಹೇಟ್ ಮತ್ತು ಆಶ್ಬರಿ ಎಂಬ ಎರಡು ಬೀದಿ ಕೂಡುತ್ತವೆ. ಸುತ್ತಲೂ 1906ರ ಭೂಕಂಪ ಮತ್ತು ಬೆಂಕಿಯಲ್ಲಿ ಉಳಿದುಕೊಂಡ ಮರದ ದೊಡ್ಡ ದೊಡ್ಡ ಮನೆಗಳು. ಎರಡನೆಯ ಮಹಾಯುದ್ಧ ಮುಗಿದ ಮೇಲೆ ಸ್ಥಿತಿವಂತರು ಹೊರವಲಯದ ಹೊಸ ಬಡಾವಣೆಗಳಿಗೆ ಹೊರಟುಹೋದರು. ಉದ್ಯಾನದ ಪೂರ್ವಕ್ಕೆ ಚಾಚಿಕೊಂಡಿರುವ ಪ್ಯಾನ್‌ಹ್ಯಾಂಡಲ್ ಎಂಬ ಹಸಿರು ಪಟ್ಟಿಯ ಮೇಲೆ ಹೆದ್ದಾರಿ ಹಾಕುವ ಯೋಜನೆ ಸಿದ್ಧವಾಯಿತು. ಕೇರಿಯವರು 1959ರಲ್ಲಿ ತಮ್ಮದೇ ಒಂದು ಮಂಡಳಿ ಕಟ್ಟಿಕೊಂಡು ವರ್ಷಗಟ್ಟಲೆ ಹೋರಾಡಿದರು. 1966ರಲ್ಲಿ ನಗರದ ಮೇಲ್ವಿಚಾರಕ ಮಂಡಳಿ ಒಂದೇ ಒಂದು ಮತದ ಅಂತರದಲ್ಲಿ ಆ ಯೋಜನೆಯನ್ನು ಕೈಬಿಟ್ಟಿತು. ಅಷ್ಟರೊಳಗೆ ಅಗ್ಗದ ಬಾಡಿಗೆಯ ಆ ಮನೆಗಳಿಗೆ ಕಾಲೇಜು ಹುಡುಗರು, ಚಿತ್ರಕಾರರು, ಸಂಗೀತಗಾರರು, ಪಕ್ಕದ ಫಿಲ್‌ಮೋರ್ ಕೇರಿಯಿಂದ ನಗರ ನವೀಕರಣದ ಹೆಸರಿನಲ್ಲಿ ಒಕ್ಕಲೆಬ್ಬಿಸಲ್ಪಟ್ಟ ಕಪ್ಪು ಕುಟುಂಬಗಳು ಬಂದು ಸೇರಿದ್ದರು.

ಜಗತ್ತಿಗೆಲ್ಲ ಹೆಸರಾದ ಹಿಪ್ಪಿ ಕೇರಿ ಹುಟ್ಟಿದ್ದು ಹೀಗೆ. ಬಣ್ಣ, ಗಾಂಜಾ, ಗಿಟಾರು ಎಲ್ಲ ಆಮೇಲೆ ಬಂದವು. ಮೊದಲು ಬೇಕಾದದ್ದು ತಲೆಯ ಮೇಲೊಂದು ಸೂರು.

ಆಗ ವಿಯೆಟ್ನಾಂ ಯುದ್ಧ ನಡೆದಿತ್ತು. 1967 ಮುಗಿಯುವ ಹೊತ್ತಿಗೆ ಸುಮಾರು 4,85,000 ಅಮೆರಿಕನ್ ಸೈನಿಕರು ಅಲ್ಲಿದ್ದರು. ಹದಿನೆಂಟು ದಾಟಿದ ಹುಡುಗರಿಗೆಲ್ಲ ಕಡ್ಡಾಯ ಸೈನ್ಯಭರ್ತಿಯ ಭಯ. ಅಪ್ಪ ಅವ್ವನ ಪೀಳಿಗೆ ಯುದ್ಧ ಗೆದ್ದು, ಮನೆ ಕಟ್ಟಿ, ಕಾರು ಕೊಂಡು ನೆಮ್ಮದಿಯಾಗಿತ್ತು; ಆ ನೆಮ್ಮದಿಯ ಬೆಲೆ ಯಾರು ತೆರುತ್ತಿದ್ದಾರೆ ಎಂದು ಮಕ್ಕಳು ಕೇಳತೊಡಗಿದ್ದರು. ಮನೆ ಬಿಟ್ಟು ಬಂದ ಅವರು ಒಂದೊಂದು ಮನೆಯಲ್ಲಿ ಹತ್ತು ಹದಿನೈದು ಮಂದಿ ಕೂಡಿ ಇರುತ್ತಿದ್ದರು. ನೆಲದ ಮೇಲೆ ಹಾಸಿಗೆ, ಕಿಟಕಿಗೆ ಪರದೆಯಾಗಿ ಭಾರತದಿಂದ ಹೋದ ಅಚ್ಚಿನ ಮಂಚದ ಹೊದಿಕೆ, ಮೂಲೆಯಲ್ಲಿ ಊದುಬತ್ತಿ. 1965ರ ಸೆಪ್ಟೆಂಬರಿನಲ್ಲಿ ಮೈಕೆಲ್ ಫಾಲನ್ ಎಂಬ ವರದಿಗಾರ ಇವರನ್ನು ಹಿಪ್ಪಿಗಳೆಂದು ಕರೆದು ಪತ್ರಿಕೆಯಲ್ಲಿ ಬರೆದ. ಆ ಹೆಸರೇ ನಿಂತಿತು. 1966ರ ಜನವರಿ 3ರಂದು ಥೆಲಿನ್ ಸೋದರರಾದ ರಾನ್ ಮತ್ತು ಜೇ ಹೇಟ್ ಬೀದಿಯಲ್ಲಿ ಸೈಕೆಡೆಲಿಕ್ ಶಾಪ್ ಎಂಬ ಅಂಗಡಿ ತೆರೆದರು. ಪುಸ್ತಕ, ಮಣಿಸರ, ಊದುಬತ್ತಿ ಮಾರುವ ಆ ಅಂಗಡಿ ಕೇರಿಯ ಕಟ್ಟೆಯಾಯಿತು. ಅದೇ ವರ್ಷದ ಸೆಪ್ಟೆಂಬರಿನಲ್ಲಿ 'ಆರಕಲ್' ಎಂಬ ಪತ್ರಿಕೆ ಹೊರಟಿತು; ಬೇಗನೆ ಅಲೆನ್ ಕೋಹೆನ್ ಅದರ ಸಂಪಾದಕರಾದರು. ಕಾಮನಬಿಲ್ಲಿನ ಬಣ್ಣಗಳಲ್ಲಿ ಅಚ್ಚಾಗುತ್ತಿದ್ದ ಅದು ಹನ್ನೆರಡು ಸಂಚಿಕೆ ಕಂಡು 1968ರ ಆರಂಭದಲ್ಲಿ ನಿಂತಿತು.

ಎಲ್‌ಎಸ್‌ಡಿ ಎಂಬ ಭ್ರಮೆ ಹುಟ್ಟಿಸುವ ಮದ್ದು ಕ್ಯಾಲಿಫೋರ್ನಿಯಾದಲ್ಲಿ 1966ರ ಅಕ್ಟೋಬರ್ 6ರವರೆಗೆ ಕಾನೂನಿಗೆ ವಿರುದ್ಧವಾಗಿರಲಿಲ್ಲ. ಅದನ್ನು ಜ್ಞಾನದ ಬಾಗಿಲೆಂದು ನಂಬಿದವರು ಆ ಕೇರಿಯಲ್ಲಿ ಬಹಳ. ಆ ನಂಬಿಕೆಗೆ ಅವರು ತೆತ್ತ ಬೆಲೆಯ ಮಾತು ಮುಂದೆ ಬರುತ್ತದೆ.

ಈ ಕೇರಿಯ ಬಗ್ಗೆ ಬಂದ ಸಿನಿಮಾ, ಹಾಡು, ಫೋಟೋಗಳಲ್ಲಿ ಕೂದಲಿಗೆ ಹೂ ಮುಡಿದ ಹುಡುಗಿಯರು ಕಾಣುತ್ತಾರೆ. ಅಡುಗೆ ಮಾಡಿದವರು ಕಾಣುವುದು ಅಪರೂಪ. ನಮ್ಮ ಗದಗ ಜಿಲ್ಲೆಯ ಡಂಬಳದಲ್ಲಿ ಕೂತು ಆ ಕಾಲವನ್ನು ನೋಡುವವರ ಕಣ್ಣು ಮಾತ್ರ ಮೊದಲು ಹೋಗುವುದು ಆ ಅಡುಗೆಯ ಕಡೆಗೇ. 1966ರ ಅಕ್ಟೋಬರಿನಿಂದ ಪ್ಯಾನ್‌ಹ್ಯಾಂಡಲ್ ಹುಲ್ಲಿನ ಮೇಲೆ ದಿನವೂ ಸಂಜೆ ನಾಲ್ಕಕ್ಕೆ ಬಿಸಿ ಊಟ ಬಡಿಸುತ್ತಿದ್ದರು. ಬಡಿಸಿದವರು ಡಿಗ್ಗರ್ಸ್ ಎಂಬ ಗುಂಪಿನವರು. ಎಮೆಟ್ ಗ್ರೋಗನ್, ಪೀಟರ್ ಬರ್ಗ್, ಮುಂದೆ ಸಿನಿಮಾ ನಟನಾದ ಪೀಟರ್ ಕೊಯೊಟಿ ಅದರಲ್ಲಿದ್ದರು. ಹೆಚ್ಚಿನವರು ಸ್ಯಾನ್ ಫ್ರಾನ್ಸಿಸ್ಕೊ ಮೈಮ್ ಟ್ರೂಪ್ ಎಂಬ ಬೀದಿ ನಾಟಕದ ತಂಡದಿಂದ ಬಂದವರು. 1649ರಲ್ಲಿ ಇಂಗ್ಲೆಂಡಿನಲ್ಲಿ ಊರೊಟ್ಟಿನ ಭೂಮಿಯನ್ನು ಅಗೆದು ಬೆಳೆ ಬೆಳೆದು ಎಲ್ಲರಿಗೂ ಹಂಚಲು ಹೊರಟ ಬಡ ರೈತರ ಹೆಸರನ್ನು ಇವರು ಇಟ್ಟುಕೊಂಡಿದ್ದರು. ಸಗಟು ತರಕಾರಿ ಮಾರುಕಟ್ಟೆಗೆ ನಸುಕಿನಲ್ಲಿ ಹೋಗಿ ಮಾರಾಟವಾಗದೆ ಉಳಿದದ್ದನ್ನು ತಂದು, ಹಾಲಿನ ದೊಡ್ಡ ಕ್ಯಾನುಗಳಲ್ಲಿ ಸಾರು ಕುದಿಸಿ ತರುತ್ತಿದ್ದವರು ಬಹುಮಟ್ಟಿಗೆ ಆ ಗುಂಪಿನ ಹೆಂಗಸರು. ಇತಿಹಾಸದಲ್ಲಿ ಗಂಡಸರ ಹೆಸರು ಉಳಿದಿವೆ. ಸೌಟು ಹಿಡಿದವರ ಹೆಸರು ಹುಡುಕಬೇಕಾಗುತ್ತದೆ.

ಊಟಕ್ಕೆ ಬಂದವರು ಒಂದು ಎತ್ತರದ ಮರದ ಚೌಕಟ್ಟಿನೊಳಗೆ ಹಾದು ಬರಬೇಕಿತ್ತು. ಹಳೆಯ ಕಣ್ಣು ಬಿಟ್ಟು ಹೊಸ ಕಣ್ಣಿನಿಂದ ಲೋಕ ನೋಡಬೇಕೆಂಬ ನಾಟಕದವರ ಕಲ್ಪನೆ ಅದು. ಅದರ ಹೊರತು ಹೆಸರು, ಜಾತಿ, ಕಾರಣ ಏನನ್ನೂ ಯಾರೂ ಕೇಳುತ್ತಿರಲಿಲ್ಲ. ವಾಲರ್ ಬೀದಿಯ ಆಲ್ ಸೇಂಟ್ಸ್ ಚರ್ಚಿನ ಅಡುಗೆಮನೆಯಲ್ಲಿ ಕಾಫಿಪುಡಿಯ ಖಾಲಿ ಡಬ್ಬಗಳನ್ನೇ ಅಚ್ಚು ಮಾಡಿಕೊಂಡು ಗೋಧಿಯ ಬ್ರೆಡ್ಡು ಸುಟ್ಟು ಹಂಚಿದರು. ಡಂಬಳದ ತೋಂಟದಾರ್ಯ ಮಠದ ರೊಟ್ಟಿ ಜಾತ್ರೆ ಕಂಡವರಿಗೆ ಇದು ಅಪರಿಚಿತವೆನಿಸದು. ಮನೆಮನೆಯಲ್ಲಿ ಬಡಿದ ಜೋಳದ ರೊಟ್ಟಿ ಅಂದು ಮಠಕ್ಕೆ ಬಂದು ಸೇರುತ್ತದೆ. ಯಾವ ಕೇರಿಯವರು ಎಂದು ಕೇಳದೆ ಎಲ್ಲರೂ ಕೂಡಿ ಉಣ್ಣುತ್ತಾರೆ. ವ್ಯತ್ಯಾಸವೂ ಉಂಟು. ಇಲ್ಲಿ ರೊಟ್ಟಿಯ ಹಿಂದೆ ಬಿತ್ತಿದ ಹೊಲವಿದೆ, ಬಡಿದ ಮನೆಯಿದೆ. ಉಣ್ಣುವವರೇ ಕೊಡುವವರು. ಅಲ್ಲಿ ಉಣ್ಣುವವರ ಸಂಖ್ಯೆ ಬೆಳೆಯುತ್ತಾ ಹೋಯಿತು, ಮಾಡುವವರು ಅಷ್ಟೇ ಉಳಿದರು.

ಕೋಲ್ ಬೀದಿಯಲ್ಲಿ ಡಿಗ್ಗರ್ಸ್ ಒಂದು ಅಂಗಡಿಯನ್ನೂ ತೆರೆದರು. ಅಲ್ಲಿ ಯಾವುದಕ್ಕೂ ಬೆಲೆಯಿಲ್ಲ. ಬಟ್ಟೆ, ಪಾತ್ರೆ, ಹಳೆಯ ಟಿವಿ, ಬೇಕಾದವರು ಒಯ್ಯಬಹುದು, ಬೇಡದವರು ತಂದಿಡಬಹುದು. ಇಲ್ಲಿಯ ಮಾಲೀಕ ಯಾರು ಎಂದು ಕೇಳಿದವರಿಗೆ, ನೀವೇ ಎಂಬ ಉತ್ತರ ಸಿಗುತ್ತಿತ್ತಂತೆ. ಕೇರಿಯ ವ್ಯಾಪಾರಿಗಳೂ ಸಂಘ ಕಟ್ಟಿಕೊಂಡು ಕೆಲಸವಿಲ್ಲದ ಹುಡುಗರಿಗೆ ಕೆಲಸ ಹುಡುಕಿಕೊಡಲು ನೋಡಿದರು. ವ್ಯಾಪಾರಿಗಳು ಅರಸುವವರಿಗೆ ನೆರಳು ಕೊಡುವುದು ಡಂಬಳಕ್ಕೆ ಬಲು ಹಳೆಯ ಸಂಗತಿ: ಈ ಊರು ಧರ್ಮವೊಳಲ್ ಎನಿಸಿಕೊಂಡಿದ್ದ ಕಾಲದಲ್ಲಿ, ಆರನೆಯ ವಿಕ್ರಮಾದಿತ್ಯನ ಆಳ್ವಿಕೆಯ 1095ರಲ್ಲಿ, ಹದಿನಾರು ಮಂದಿ ಸೆಟ್ಟಿಗಳು ಇಲ್ಲಿ ಬೌದ್ಧ ವಿಹಾರ ಕಟ್ಟಿಸಿದ್ದನ್ನು ಶಾಸನ ಹೇಳುತ್ತದೆ. ವಿಹಾರಕ್ಕೆ ದತ್ತಿಯಿತ್ತು, ನಿಯಮವಿತ್ತು. ಹೇಟ್ ಬೀದಿಯ ವ್ಯಾಪಾರಿಗಳಿಗೆ ಒಳ್ಳೆಯ ಮನಸ್ಸಿತ್ತು, ಸಮಯ ಸಿಗಲಿಲ್ಲ.

1967ರ ಜನವರಿ 14ರಂದು ಉದ್ಯಾನದ ಪೋಲೊ ಮೈದಾನದಲ್ಲಿ ಇಪ್ಪತ್ತು ಸಾವಿರಕ್ಕೂ ಹೆಚ್ಚು ಜನ ಸೇರಿದರು. ಕವಿ ಗ್ಯಾರಿ ಸ್ನೈಡರ್ ಶಂಖ ಊದಿದರು. ಅಲೆನ್ ಗಿನ್ಸ್‌ಬರ್ಗ್ ಮಂತ್ರ ಹೇಳಿದರು. ಇಬ್ಬರೂ ಅದಕ್ಕೆ ನಾಲ್ಕೈದು ವರ್ಷ ಮೊದಲು ಭಾರತ ಸುತ್ತಿ ಹೋದವರು; ಗಿನ್ಸ್‌ಬರ್ಗ್ ಕಲ್ಕತ್ತೆ, ಕಾಶಿಗಳಲ್ಲಿ ತಿಂಗಳುಗಟ್ಟಲೆ ಇದ್ದವರು. ಅದೇ ತಿಂಗಳು ಹರೇಕೃಷ್ಣ ಪಂಥ ಕಟ್ಟಿದ ಭಕ್ತಿವೇದಾಂತ ಸ್ವಾಮಿ ಪ್ರಭುಪಾದರು ಈ ಕೇರಿಗೆ ಬಂದರು. ಫ್ರೆಡರಿಕ್ ಬೀದಿಯ ಒಂದು ಅಂಗಡಿ ಮಳಿಗೆಯೇ ರಾಧಾಕೃಷ್ಣ ಮಂದಿರವಾಯಿತು. ಜನವರಿ 29ರ ರಾತ್ರಿ ಆವಲಾನ್ ಸಭಾಂಗಣದಲ್ಲಿ ರಾಕ್ ತಂಡಗಳ ನಡುವೆ ಹರೇಕೃಷ್ಣ ಸಂಕೀರ್ತನೆ ನಡೆಯಿತು. ಆ ಬೇಸಗೆಯಲ್ಲಿ ಸ್ಯಾನ್ ಫ್ರಾನ್ಸಿಸ್ಕೊದ ಬೀದಿಯಲ್ಲಿ ಜಗನ್ನಾಥನ ರಥವೂ ಉರುಳಿತು. ಮಾದಕ ಪದಾರ್ಥ ಬಿಡಬೇಕೆಂಬುದು ಸ್ವಾಮಿಗಳ ಮೊದಲ ನಿಯಮಗಳಲ್ಲಿ ಒಂದು. ಅದನ್ನು ಒಪ್ಪಿ ಚಟದಿಂದ ಹೊರಬಂದ ಹುಡುಗರಿದ್ದರು ಎಂಬುದನ್ನು ಅವರ ಟೀಕಾಕಾರರೂ ಅಲ್ಲಗಳೆಯಲಾರರು.

ಜೂನ್ 18ರಂದು ಮಾಂಟೆರೆ ಸಂಗೀತೋತ್ಸವದಲ್ಲಿ ರವಿಶಂಕರ್ ಮಧ್ಯಾಹ್ನದ ಹೊತ್ತು ಗಂಟೆಗಟ್ಟಲೆ ಸಿತಾರ್ ನುಡಿಸಿದರು, ತಬಲಾಕ್ಕೆ ಅಲ್ಲಾರಖಾ. ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಆದರೆ ಮತ್ತೇರಿಸಿಕೊಂಡು ರಾಗ ಕೇಳುವ ಆ ಅಭ್ಯಾಸ ರವಿಶಂಕರರಿಗೆ ಬಹಳ ನೋವು ಕೊಟ್ಟಿತು. ಸಂಗೀತ ಕೇಳುವಾಗ ಸೇದಬೇಡಿ ಎಂದು ಅವರು ಮತ್ತೆ ಮತ್ತೆ ಬೇಡಿಕೊಂಡರು. ಗದುಗಿನ ಮಂದಿಗೆ ಈ ನೋವು ಬಿಡಿಸಿ ಹೇಳಬೇಕಾಗಿಲ್ಲ. ಅದೇ 1967ರಲ್ಲಿ ಗದುಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಪುಟ್ಟರಾಜ ಗವಾಯಿಗಳು ಕಣ್ಣಿಲ್ಲದ ಮಕ್ಕಳಿಗೆ ಊಟ, ವಸತಿ, ಸ್ವರಜ್ಞಾನ ಕೊಡುತ್ತಿದ್ದರು. ಕಾಸು ಕೇಳುತ್ತಿರಲಿಲ್ಲ. ಆಶ್ರಮದ ನಾಟಕ ಕಂಪನಿ ಊರೂರು ತಿರುಗಿ ಗಳಿಸಿ ತರುತ್ತಿತ್ತು. ನಸುಕಿನ ಸಾಧನೆ ತಪ್ಪುತ್ತಿರಲಿಲ್ಲ. ದಾಸೋಹದ ಬೆನ್ನಿಗೆ ಕಾಯಕ ನಿಂತಿದ್ದರಿಂದಲೇ ಆಶ್ರಮ ಕಟ್ಟಿದ ಗುರು ಪಂಚಾಕ್ಷರಿ ಗವಾಯಿಗಳು 1944ರಲ್ಲಿ ತೀರಿಕೊಂಡ ಮೇಲೂ ಆ ಮನೆ ಉಳಿಯಿತು, ಬೆಳೆಯಿತು.

ಹೇಟ್ ಬೀದಿಗೆ ಬಂದದ್ದು ಜಾಹೀರಾತಿನ ಮಳೆ. ಏಪ್ರಿಲ್‌ನಲ್ಲಿ ಗ್ರೇ ಲೈನ್ ಎಂಬ ಪ್ರವಾಸಿ ಕಂಪನಿ ಹಿಪ್ಪಿಗಳನ್ನು ತೋರಿಸಲೆಂದೇ ಬಸ್ಸು ಬಿಟ್ಟಿತು. ಬಸ್ಸಿನೊಳಗಿಂದ ಬಗ್ಗಿ ನೋಡುವವರ ಮುಖಕ್ಕೆ ಕೇರಿಯ ಹುಡುಗರು ಕನ್ನಡಿ ಹಿಡಿದರು. ಮೇ ತಿಂಗಳಲ್ಲಿ ಸ್ಕಾಟ್ ಮೆಕೆಂಜಿ ಹಾಡಿದ ಸ್ಯಾನ್ ಫ್ರಾನ್ಸಿಸ್ಕೊ ಹಾಡು ಬಾನುಲಿಯಲ್ಲಿ ದೇಶವೆಲ್ಲ ಮೊಳಗಿತು. ಶಾಲೆಗಳಿಗೆ ರಜೆ ಬಿದ್ದಿದ್ದೇ ತಡ, ಆ ಬೇಸಗೆ 75,000ದಿಂದ ಒಂದು ಲಕ್ಷದವರೆಗೆ ಹುಡುಗ ಹುಡುಗಿಯರು ಬಂದರೆಂದು ಅಂದಾಜು. ಬಂದವರಲ್ಲಿ ಹದಿನಾಲ್ಕು ಹದಿನೈದರ ಮಕ್ಕಳಿದ್ದರು. ಕಾಲಿಗೆ ಚಪ್ಪಲಿಯಿಲ್ಲ, ಮಲಗಲು ಜಾಗವಿಲ್ಲ.

ಈ ಹೊತ್ತಿನಲ್ಲಿ ಕೇರಿಯನ್ನು ಎತ್ತಿ ಹಿಡಿದವರನ್ನು ನೆನೆಯಬೇಕು. ಡಾಕ್ಟರ್ ಡೇವಿಡ್ ಸ್ಮಿತ್ ಎಂಬ ಯುವ ವೈದ್ಯ 1967ರ ಜೂನ್ 7ರಂದು ಕ್ಲೇಟನ್ ಬೀದಿಯ 558ನೆಯ ಮನೆಯಲ್ಲಿ ಉಚಿತ ದವಾಖಾನೆ ತೆರೆದರು. ಕಾಮಾಲೆ, ಗುಹ್ಯರೋಗ, ಗಾಜು ಚುಚ್ಚಿದ ಬರಿಗಾಲು, ಮದ್ದು ತಲೆಗೇರಿ ಹೆದರಿ ನಡುಗುವ ಮಕ್ಕಳು, ಹೀಗೆ ಬಂದವರಿಗೆಲ್ಲ ಮದ್ದೂ ಮಾತೂ ಸಿಕ್ಕಿತು. ವೈದ್ಯರು, ದಾದಿಯರು ಸಂಬಳವಿಲ್ಲದೆ ದುಡಿದರು. ರಾಕ್ ತಂಡಗಳು ಸಹಾಯಾರ್ಥ ಕಛೇರಿ ನಡೆಸಿ ಹಣ ಕೂಡಿಸಿದವು. ಚಟಕ್ಕೆ ಬಿದ್ದವನನ್ನು ಅಪರಾಧಿಯೆನ್ನದೆ ರೋಗಿಯೆಂದು ನೋಡುವ ವೈದ್ಯಪದ್ಧತಿಗೆ ಅಮೆರಿಕದಲ್ಲಿ ಬಲ ಬಂದದ್ದರಲ್ಲಿ ಈ ಮನೆಯ ಪಾಲು ದೊಡ್ಡದು. ಮನೆ ಬಿಟ್ಟು ಓಡಿಬಂದ ಮಕ್ಕಳಿಗಾಗಿ ಅದೇ ಜೂನ್‌ನಲ್ಲಿ ಹಕಲ್‌ಬೆರಿ ಹೌಸ್ ಎಂಬ ಆಸರೆ ಮನೆ ತೆರೆಯಿತು. ಕಾಣೆಯಾದ ಮಕ್ಕಳಿಗೆ ತಾಯಿತಂದೆ ಕಳಿಸಿದ ಸಂದೇಶ ಮುಟ್ಟಿಸಲು ಫೆಲ್ ಬೀದಿಯಲ್ಲಿ ಸ್ವಿಚ್‌ಬೋರ್ಡ್ ಎಂಬ ಟೆಲಿಫೋನ್ ಕೇಂದ್ರ ನಡೆಯಿತು. ಎಲ್ಲಿದ್ದೀಯೆಂದು ಹೇಳದಿದ್ದರೂ ಚಿಂತೆಯಿಲ್ಲ, ಬದುಕಿದ್ದೇನೆಂದು ಒಂದು ಮಾತು ತಿಳಿಸು ಎಂದು ಬೇಡುವ ಎಷ್ಟು ತಾಯಂದಿರ ದನಿ ಆ ತಂತಿಯ ಮೇಲೆ ಹಾದುಹೋಗಿರಬೇಕು! ಸಿತಾರು, ಸಂಕೀರ್ತನೆ, ಬಣ್ಣದ ಪೋಸ್ಟರುಗಳಿಗಿಂತ ಈ ಮೂರು ಮನೆಗಳೇ ಆ ಕೇರಿಯ ದೊಡ್ಡ ಸಾಧನೆ.

ಆಗಸ್ಟ್ 7ರಂದು ಬೀಟಲ್ಸ್ ತಂಡದ ಜಾರ್ಜ್ ಹ್ಯಾರಿಸನ್ ಈ ಬೀದಿಗೆ ಬಂದರು. ಕಲೆ, ಧ್ಯಾನ, ಸಣ್ಣ ಸಣ್ಣ ಕುಶಲ ಉದ್ಯಮಗಳ ಕೇರಿಯನ್ನು ಕಾಣುವ ಆಸೆ ಅವರದು. ಕಂಡದ್ದು ಮತ್ತಿನಲ್ಲಿ ತೂರಾಡುವ ಎಳೆಯ ಮುಖಗಳು. ಎಲ್‌ಎಸ್‌ಡಿಯಿಂದ ತಮ್ಮ ಮನಸ್ಸು ತಿರುಗಿದ್ದು ಅಂದೇ ಎಂದು ಅವರು ಮುಂದೆ ಹೇಳಿಕೊಂಡಿದ್ದಾರೆ. ಅದೇ ತಿಂಗಳು ಇಬ್ಬರು ಮಾದಕ ವಸ್ತು ಮಾರುವವರ ಕೊಲೆಯಾಯಿತು. ಗಾಂಜಾ ಇದ್ದಲ್ಲಿಗೆ ಮೆಥೆಡ್ರಿನ್ ಬಂತು, ಹಿಂದೆಯೇ ಹೆರಾಯಿನ್. ಅಕ್ಟೋಬರ್ 6ರಂದು ಕೇರಿಯ ಹಳೆಯ ನಿವಾಸಿಗಳೇ ಶವಪೆಟ್ಟಿಗೆಯೊಂದನ್ನು ಹೊತ್ತು ಹಿಪ್ಪಿ ಸತ್ತನೆಂದು ಮೆರವಣಿಗೆ ಮಾಡಿದರು. ಥೆಲಿನ್ ಸೋದರರು ಅಂಗಡಿಯಲ್ಲಿದ್ದ ಸಾಮಾನನ್ನೆಲ್ಲ ಹಂಚಿ ಬಾಗಿಲು ಹಾಕಿದರು. ಇನ್ನು ಇಲ್ಲಿಗೆ ಬರಬೇಡಿ, ನಿಮ್ಮ ಊರಲ್ಲೇ ಇದನ್ನು ಮಾಡಿ ಎಂಬುದು ಅವರು ಕೊಟ್ಟ ಸಂದೇಶ.

ಕೆಲವರು ಹಳ್ಳಿಗಾಡಿಗೆ ಹೋಗಿ ಬೇಸಾಯಕ್ಕೆ ನಿಂತರು. ಇನ್ನು ಕೆಲವರು ಪೂರ್ವಕ್ಕೆ ಮುಖ ಮಾಡಿದರು. ಇಸ್ತಾಂಬುಲ್, ತೆಹರಾನ್, ಕಾಬೂಲ್, ಪೇಶಾವರ, ದಿಲ್ಲಿ. ಅಲ್ಲಿಂದ ಕಠ್ಮಂಡು ಅಥವಾ ಗೋವಾ. ಯುರೋಪಿನಿಂದ ನೆಲದ ಮೇಲೆಯೇ ಬಸ್ಸು ವ್ಯಾನುಗಳಲ್ಲಿ ಬರಬಹುದಾದ ದಾರಿ ಅದು. 1979ರಲ್ಲಿ ಇರಾನಿನ ಕ್ರಾಂತಿ, ವರ್ಷದ ಕೊನೆಗೆ ಅಫ್ಘಾನಿಸ್ತಾನಕ್ಕೆ ಸೋವಿಯತ್ ಸೈನ್ಯ, ಅಲ್ಲಿಗೆ ದಾರಿ ಮುಚ್ಚಿತು. ಅಷ್ಟರಲ್ಲಿ ಗೋವಾದ ಅಂಜುನಾ ಅವರ ಚಳಿಗಾಲದ ಊರಾಗಿತ್ತು.

ಗೋವಾದಿಂದ ಹಂಪಿಗೆ ಬರುವ ರೈಲಿನ ದಾರಿ ಗದುಗಿನ ಮೇಲೆಯೇ. ವಾಸ್ಕೊ, ಲೋಂಡಾ, ಹುಬ್ಬಳ್ಳಿ, ಗದಗ, ಕೊಪ್ಪಳ, ಹೊಸಪೇಟೆ. ಆಗಿನ್ನೂ ಮೀಟರ್ ಗೇಜಿನ ಹಳಿ. ಹೀಗಾಗಿ ಗದಗ-ಬೆಟಗೇರಿಯ ಮಂದಿಗೆ ಹಿಪ್ಪಿ ಎಂಬವನು ಬರೀ ಪತ್ರಿಕೆಯ ಚಿತ್ರವಾಗಿ ಉಳಿಯಲಿಲ್ಲ. 1971ರಲ್ಲಿ ದೇವಾನಂದರ 'ಹರೇ ರಾಮ ಹರೇ ಕೃಷ್ಣ' ಬಂದ ಮೇಲಂತೂ ಊರ ಹುಡುಗರೂ ಕಿವಿ ಮುಚ್ಚುವಷ್ಟು ಕೂದಲು ಬಿಟ್ಟರು, ಬೆಲ್‌ಬಾಟಮ್ ಹೊಲಿಸಿದರು. ಹಿಪ್ಪಿ ಆಗ್ಯಾನ ಎಂಬ ಬೈಗುಳ ಮನೆಮನೆಯಲ್ಲಿ ಕೇಳಿಬಂತು. ಅತ್ತ ಮೈಸೂರಿನ ಎ.ಕೆ. ರಾಮಾನುಜನ್ ಶಿಕಾಗೋದಲ್ಲಿ ಕೂತು ಬಸವಣ್ಣ, ಅಲ್ಲಮ, ಅಕ್ಕ, ದೇವರ ದಾಸಿಮಯ್ಯರ ವಚನಗಳನ್ನು ಇಂಗ್ಲಿಷಿಗೆ ತಂದರು. 1973ರಲ್ಲಿ ಪೆಂಗ್ವಿನ್ ಪ್ರಕಟಿಸಿದ ಆ 'ಸ್ಪೀಕಿಂಗ್ ಆಫ್ ಶಿವ' ಮನೆ ಬಿಟ್ಟು ಹೊರಟ ಆ ಪೀಳಿಗೆಯ ಓದುಗರಿಗೂ ದೊರೆಯಿತು. ಉಟ್ಟ ಉಡುಗೆಯನ್ನೂ ತೊರೆದು ಹೊರಟ ಅಕ್ಕನಲ್ಲಿ ಅವರು ತಮ್ಮನ್ನು ಕಂಡುಕೊಂಡಿದ್ದರೆ ಆಶ್ಚರ್ಯವಿಲ್ಲ. ಕಾಯಕದ ಮಾತು ಅವರನ್ನು ಅಷ್ಟಾಗಿ ತಟ್ಟಿದಂತೆ ಕಾಣುವುದಿಲ್ಲ.

ಹಿಪ್ಪಿಗಳು ಸೇರಿದ ಗೋಕರ್ಣದ ಕುಡ್ಲೆ, ಓಂ ಕಡಲತೀರಗಳ ಕಥೆ ಬಹುಮಟ್ಟಿಗೆ ಗೋವಾದ ಕಥೆಯೇ. ಹಂಪಿಯದು ಬೇರೆ. ವಿರೂಪಾಕ್ಷನ ಗುಡಿಯ ಮುಂದಿನ ಉದ್ದ ಬೀದಿಯ ಎರಡೂ ಬದಿಗೆ ವಿಜಯನಗರ ಕಾಲದ ಕಲ್ಲು ಮಂಟಪಗಳು. ಅವುಗಳಲ್ಲಿ ಸಂಸಾರ ಹೂಡಿದ್ದ ಬಡವರು ಬೆನ್ನಿಗೆ ಚೀಲ ಹೊತ್ತು ಬಂದವರಿಗೆ ಚಹಾ ಕಾಸಿಕೊಟ್ಟರು, ಹಿಂದಿನ ಕೋಣೆ ಬಾಡಿಗೆಗೆ ಕೊಟ್ಟರು. ಹರಿಗೋಲಿನಲ್ಲಿ ತುಂಗಭದ್ರೆ ದಾಟಿದರೆ ವಿರೂಪಾಪುರ ಗಡ್ಡೆ, ಗಂಗಾವತಿ ತಾಲೂಕಿನ ಊರು. ಭತ್ತದ ಗದ್ದೆ, ತೆಂಗು, ಗುಂಡುಕಲ್ಲಿನ ಗುಡ್ಡ. ಗುಡಿಯ ಆಸುಪಾಸಿನ ಕಟ್ಟಳೆಗಳು ಹೊಳೆಯಾಚೆ ಇರಲಿಲ್ಲ. ಗುಡಿಸಲು ವಸತಿಗಳು ಎದ್ದವು. ಪ್ರವಾಸಿಗಳು ಅದನ್ನು ಹಿಪ್ಪಿ ದ್ವೀಪವೆಂದು ಕರೆದರು. 2003ರಲ್ಲಿ ಬಂಡೆ ಹತ್ತುವ ಅಮೆರಿಕದ ಕ್ರಿಸ್ ಶರ್ಮಾ ಅವರ ಚಿತ್ರ ಬಂದ ಮೇಲೆ ಕಲ್ಲು ಹತ್ತುವ ಹುಡುಗರೂ ಚಳಿಗಾಲಕ್ಕೆ ಬರತೊಡಗಿದರು.

ನೋಡಲು ಅದೇ ಊದುಬತ್ತಿ, ಅದೇ ಗಿಟಾರು. ಆದರೂ ಹಂಪಿಯಲ್ಲಿ ಹೇಟ್ ಬೀದಿಯಂಥ ಕೇರಿ ಹುಟ್ಟಲಿಲ್ಲ. ಸಾರು ಕುದಿಸಿದವರು, ನೆಲ ಗುಡಿಸಿದವರು, ಜ್ವರ ಬಂದವನನ್ನು ಹೊಸಪೇಟೆಯ ಆಸ್ಪತ್ರೆಗೆ ಮುಟ್ಟಿಸಿದವರು ಊರವರು. ಬಂದವರು ಅತಿಥಿಗಳು, ನಾಲ್ಕು ತಿಂಗಳಿಗೆ ಹೊರಡುವವರು. ಕ್ಲೇಟನ್ ಬೀದಿಯ ದವಾಖಾನೆಯಂಥದ್ದನ್ನು ಅವರು ಇಲ್ಲಿ ಬಿಟ್ಟುಹೋಗಲಿಲ್ಲ. ಹಾಗೆಂದು ಅವರನ್ನು ಹಳಿಯುವುದೂ ಸಲ್ಲದು. ಅವರು ಕೊಟ್ಟ ಬಾಡಿಗೆಯಿಂದ, ಉಂಡ ಊಟದಿಂದ ಎಷ್ಟೋ ಮನೆಗಳ ಮಕ್ಕಳು ಶಾಲೆ ಕಲಿತರು.

1986ರಲ್ಲಿ ಹಂಪಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು. 1999ರಲ್ಲಿ ಅಪಾಯದಲ್ಲಿರುವ ತಾಣಗಳ ಪಟ್ಟಿಗೂ ಬಿದ್ದು, 2006ರಲ್ಲಿ ಅದರಿಂದ ಹೊರಬಂತು. 2011ರ ಜುಲೈನಲ್ಲಿ ಬಜಾರಿನ ಮಂಟಪಗಳಲ್ಲಿದ್ದ ಅಂಗಡಿ, ಮನೆಗಳನ್ನು ಯಂತ್ರ ತಂದು ತೆರವು ಮಾಡಿದರು. 2020ರ ಫೆಬ್ರುವರಿಯಲ್ಲಿ ಸುಪ್ರೀಂ ಕೋರ್ಟ್ ವಿರೂಪಾಪುರ ಗಡ್ಡೆಯ ವಸತಿಗೃಹಗಳು ರಕ್ಷಿತ ಪ್ರದೇಶದಲ್ಲಿ ಎದ್ದ ಅಕ್ರಮ ಕಟ್ಟಡಗಳೆಂಬ ಹೈಕೋರ್ಟಿನ ತೀರ್ಪನ್ನು ಎತ್ತಿಹಿಡಿಯಿತು; ಮಾರ್ಚ್ ಮೊದಲ ವಾರ ಅವು ನೆಲಸಮವಾದವು. ಅದೇ ತಿಂಗಳ 25ರಿಂದ ದೇಶಕ್ಕೇ ಬೀಗ ಬಿತ್ತು. ಕಲ್ಲಿನ ಪರಂಪರೆ ಉಳಿಯಬೇಕೆಂಬುದರಲ್ಲಿ ಎರಡು ಮಾತಿಲ್ಲ. ಆದರೆ ಎರಡೂ ಸಲ ಬೀದಿಗೆ ಬಿದ್ದವರು ಗಿಟಾರು ಹಿಡಿದು ಬಂದವರಲ್ಲ, ಅವರಿಗೆ ಅನ್ನ ಬಡಿಸಿದವರು. ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಹಕಲ್‌ಬೆರಿ ಸಂಸ್ಥೆ ಈಗಲೂ ಮನೆ ಬಿಟ್ಟ ಮಕ್ಕಳಿಗೆ ಬಾಗಿಲು ತೆರೆಯುತ್ತದೆ. ಕ್ಲೇಟನ್ ಬೀದಿಯ ದವಾಖಾನೆ ಐವತ್ತು ವರ್ಷಕ್ಕೂ ಹೆಚ್ಚು ನಡೆದು 2019ರಲ್ಲಿ ಆ ಮನೆಯಲ್ಲಿ ನಿಂತಿತು. ಅದನ್ನು ನೋಡಿ ಎದ್ದ ಉಚಿತ ದವಾಖಾನೆಗಳು ಅಮೆರಿಕದ ಊರೂರಲ್ಲಿವೆ. ವಿರೂಪಾಪುರ ಗಡ್ಡೆಯ ವ್ಯಾಪಾರ ಸಾಣಾಪುರ, ಆನೆಗೊಂದಿಗಳ ಕಡೆಗೆ ಸರಿದಿದೆ. ಬಂಡೆ ಹತ್ತುವವರೂ, ರಜೆ ಹಾಕಿ ಬಂದ ಬೆಂಗಳೂರಿನ ಕಂಪ್ಯೂಟರ್ ಕೆಲಸಗಾರರೂ ಈಗ ಅಲ್ಲಿ ಇಳಿದುಕೊಳ್ಳುತ್ತಾರೆ. ಅಲ್ಲಿಯೂ ಕಟ್ಟಡಗಳ ಪರವಾನಗಿಯ ಪ್ರಶ್ನೆ ಎದ್ದಿದೆ.